ಅವ್ವನ ಕಾಲಿನ ನಾರುಹುಳ

೨೦೨೪ರ ಏಪ್ರಿಲ್‌ನಲ್ಲಿ ಹೊನ್ನಾಳಿಯ ಒಂದು ಕ್ಲಿನಿಕ್ಕಿನಲ್ಲಿ ಅವ್ವನ ಎಡಗಾಲಿನ ಎಕ್ಸ್‌ರೇ ತೆಗೆದರು. ಚಪ್ಪಲಿಯ ಮೊಳೆ ಹಿಮ್ಮಡಿಗೆ ನೆಟ್ಟು ಗಾಯ ಕೊಳೆತಿತ್ತು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದ್ದರಿಂದ ಅವಳಿಗೆ ಗೊತ್ತಾಗಿರಲಿಲ್ಲ. ನೆಲದ ಮೇಲಿನ ರಕ್ತದ ಗುರುತು ನೋಡಿ ನಾನು ಹೇಳಿದೆ. ಅವಳು ಕಾಲೆತ್ತಿ ನೋಡಿ, "ಹೌದಲ್ಲ" ಅಂದಳು.

ಎಕ್ಸ್‌ರೇಯಲ್ಲಿ ಮೊಣಕಾಲಿನ ಕೆಳಗೆ ಒಂದು ಬಿಳಿ ಗೆರೆ ಇತ್ತು. ರಕ್ತನಾಳ ಸುಣ್ಣಗಟ್ಟಿರಬಹುದು, ಹಾಗಿದ್ದರೆ ಗಾಯ ಮಾಯುವುದಿಲ್ಲ, ಪಾದ ತೆಗೆಯಬೇಕಾಗಬಹುದು ಎಂದು ಕ್ಲಿನಿಕ್ಕಿನ ವೈದ್ಯರು ಹೇಳಿ ದಾವಣಗೆರೆಗೆ ಕಳಿಸಿದರು. ಬಸ್ಸಿನಲ್ಲಿ ಅವ್ವ ಕಡಲೆಕಾಯಿ ಕೊಂಡು ಸಿಪ್ಪೆಯನ್ನು ಸೆರಗಿನಲ್ಲಿ ಹಾಕಿಕೊಂಡಳು.

ದಾವಣಗೆರೆಯ ವೈದ್ಯರು ವಯಸ್ಸಾದವರು. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಅಜ್ಜೀ, ತವರು ಯಾವ ಕಡೆ?"

"ಜಗಳೂರು ಕಡೆ ಸಾರ್."

"ಮೆಟ್ಟಿಲು ಬಾವಿ ಇತ್ತಾ?"

"ಇತ್ತು. ನಮಗಲ್ಲ, ಊರೋರಿಗೆ. ನಾವು ಕೇರಿಯೋರು. ಹಳ್ಳದ ಮರಳು ತೋಡಿ ಜಿನುಗಿದ ನೀರು ಕುಡೀತಿದ್ವಿ."

ವೈದ್ಯರು ವಿವರಿಸಿದರು. ಗೆರೆ ತಿರುಚಿಕೊಂಡ ರೀತಿ ನೋಡಿದರೆ ಅದು ನಾರುಹುಳದ ಹಾಗಿದೆ. ಜನ ಕಾಲಿಟ್ಟು ಇಳಿಯುವ ಬಾವಿಯ ನೀರಿನಲ್ಲಿ ಅದು ಹರಡುತ್ತಿತ್ತು. ಮೈಯೊಳಗೆ ಬೆಳೆದ ಹುಳ ಸಾಮಾನ್ಯವಾಗಿ ಕಾಲಿನಲ್ಲಿ ಹುಣ್ಣಾಗಿ ಹೊರಬರುತ್ತದೆ. ಕೆಲವು ಹೊರಬರದೆ ಒಳಗೇ ಸತ್ತು ಸುಣ್ಣಗಟ್ಟುತ್ತವೆ. ದೇಶದಲ್ಲಿ ಈ ರೋಗ ಇಲ್ಲವೆಂದು ಘೋಷಣೆಯಾಗಿ ಕಾಲು ಶತಮಾನವೇ ಆಗುತ್ತಾ ಬಂದಿದೆ. ಆದರೆ ರೋಗ ಬಹಳ ಹಳೆಯದು, ಈಜಿಪ್ಟಿನಲ್ಲಿ ಸಾವಿರಾರು ವರ್ಷ ಹಳೆಯ ಹೆಣವೊಂದರಲ್ಲೂ ಇಂಥದ್ದು ಸಿಕ್ಕಿದೆ. ಹಳೆಯ ಪಾಯಿಖಾನೆ ಗುಂಡಿಗಳ ಮಣ್ಣಿನಲ್ಲಿ ಬೇರೆ ಹೊಟ್ಟೆಹುಳುಗಳ ಮೊಟ್ಟೆ ಸಿಗುತ್ತವೆ. ಆ ಕಾಲದ ಜನ ಮೀನನ್ನು ಬೇಯಿಸದೆ ತಿಂದರೇ, ಎಂಥ ನೀರು ಕುಡಿದರು ಎಂಬುದನ್ನು ಅವುಗಳಿಂದ ತಿಳಿಯುತ್ತಾರೆ.

"ಸತ್ತ ಮೇಲೂ ಬಿಡಂಗಿಲ್ವಾ?" ಅಂದಳು ಅವ್ವ.

ವೈದ್ಯರು ನಕ್ಕರು. ಆಮೇಲೆ, "ಆದ್ರೆ ನೀವು ಬಾವಿ ನೀರೇ ಕುಡಿದಿಲ್ಲ ಅಂತೀರಿ. ಮರಳಲ್ಲಿ ಸೋಸಿದ ನೀರಿಂದ ಈ ಹುಳ ಬರಾಕಿಲ್ಲ. ಹಂಗಾದ್ರೆ ಇದು ರಕ್ತನಾಳಾನೇ. ಪಾದ ತೆಗೆಯೋ ಮಾತು ಆಡಬೇಕಾಗ್ತೈತೆ" ಅಂದರು.

ಅವ್ವ ನನ್ನ ಕಡೆ ನೋಡಲಿಲ್ಲ. ಕಾಲಿನ ಕಡೆಯೂ ನೋಡಲಿಲ್ಲ.

"ಕುಡಿದೀನಿ" ಅಂದಳು. "ಕುರಿ ಕಾಯಾಕೆ ಹೋದಾಗ. ಮಧ್ಯಾಹ್ನ ಅಲ್ಲಿ ಯಾರೂ ಇರ್ತಿರಲಿಲ್ಲ. ಇಳಿದು ಬೊಗಸೇಲಿ ಕುಡೀತಿದ್ದೆ. ತಣ್ಣಗಿರೋದು."

"ಕಾಲು ಊದಿತ್ತಾ?"

"ಒಂದು ಬೇಸಿಗೆ ಊದಿತ್ತು. ಲಂಗ ಇಳಿಬಿಟ್ಟುಕೊಂಡು ಓಡಾಡ್ತಿದ್ದೆ. ನಮ್ಮ ಕೇರೀಲಿ ಯಾರಿಗೂ ಆ ಹುಣ್ಣು ಇರಲಿಲ್ಲ ಸಾರ್. ಹುಳ ಹೊರಗೆ ಬಂದಿದ್ರೆ ಇವಳು ಬಾವಿಗೆ ಇಳಿದಾಳೆ ಅಂತ ಗೊತ್ತಾಗೋದು. ನಮ್ಮಪ್ಪನ್ನ ಕಂಬಕ್ಕೆ ಕಟ್ಟೋರು. ಬರಬ್ಯಾಡ, ಬರಬ್ಯಾಡ ಅಂತ ಬೇಡಿಕೊಂಡೆ. ಬರಲಿಲ್ಲ."

"ನಿಮ್ಮ ಮಾತು ಕೇಳೈತಲ್ಲ ಬಿಡಿ."

"ಈಗ ಅದೂ ನನ್ನಂಗೆ ಮುದುಕಿ ಆಗೈತೆ."

ಅದೇ ದಿನ ಕಾಲಿನ ರಕ್ತದ ಹರಿವು ನೋಡುವ ಸ್ಕ್ಯಾನ್ ಮಾಡಿದರು. ಪಾದದವರೆಗೂ ರಕ್ತ ಚೆನ್ನಾಗಿ ಇಳಿಯುತ್ತಿತ್ತು. ಗೆರೆ ರಕ್ತನಾಳದ ಹೊರಗಿತ್ತು, ಅದು ಹುಳವೇ. ಕೊಳೆತ ಮಾಂಸವನ್ನಷ್ಟೇ ಕೆರೆದು ತೆಗೆದರು. ಕೆರೆಯುವಾಗ ಅವ್ವ ಛಾವಣಿ ಫ್ಯಾನ್ ನೋಡುತ್ತಿದ್ದಳು. ನೋವಾಗುತ್ತಿದೆಯಾ ಎಂದು ಕೇಳಿದೆ. "ಯಾರ ಕಾಲೋ ಅನ್ನಂಗೈತೆ" ಅಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕೇಳಿದೆ, ಅಪ್ಪನಿಗೆ ಗೊತ್ತಿತ್ತಾ ಎಂದು. ಇಲ್ಲ ಅಂದಳು. ಅಜ್ಜನಿಗೆ? ಇಲ್ಲ.

ಅವ್ವನ ತವರಿನ ಆ ಬಾವಿಯನ್ನು ಬಹಳ ಹಿಂದೆಯೇ ಮುಚ್ಚಿದ್ದಾರೆ. ಪತ್ರಿಕೆಗೆ ಸುದ್ದಿ ತರುವ ನನ್ನ ಕೆಲಸದ ಮೇಲೆ ಆ ಕಡೆ ಹೋದಾಗ ನೋಡಿದೆ. ಅದರ ಮೇಲೆ ಜೋಳ ಒಣಗಲು ಹರವಿದ್ದರು.

ಗಾಯ ಜೂನ್‌ನಲ್ಲಿ ಮಾಯಿತು. ಪಾದ ಉಳಿಯಿತು. ಮಳೆಗಾಲದಲ್ಲಿ ತವರಿನಿಂದ ಬಂದ ನೆಂಟರೊಬ್ಬರು, ಗೋಡೆಯ ಮೊಳೆಗೆ ತೂಗುಹಾಕಿದ್ದ ಕವರಿನಿಂದ ಎಕ್ಸ್‌ರೇ ತೆಗೆದು ನೋಡಿ, "ಇದೇನೇ ಇದು, ದಾರದಂಗೆ?" ಎಂದು ಕೇಳಿದರು.

"ನರ" ಅಂದಳು ಅವ್ವ.

ಎಕ್ಸ್‌ರೇ ಈಗ ಅವಳ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿದೆ.