ಎಲ್ಲಕ್ಕೂ ಉಷ್ಣವೆನ್ನುವ ಹಾಲಮ್ಮ

ಹೊಸಹಳ್ಳಿ ಸೀಮೆಯಲ್ಲಿ ಓಣಿಗೊಬ್ಬಳು ಹಾಲಮ್ಮ ಇದ್ದೇ ಇರುತ್ತಾಳೆ. ನಮ್ಮ ಓಣಿಯ ಹಾಲಮ್ಮನಿಗೆ ಹೆಂಗಸರ ರೋಗಗಳಲ್ಲಿ ಗೊತ್ತಿರುವುದು ಒಂದೇ, ಅದು ಉಷ್ಣ. ಬಿಳಿಸೆರಗು ನಾರಿದರೂ ಉಷ್ಣ, ಮುಟ್ಟು ಇಪ್ಪತ್ತು ದಿನ ಹೋದರೂ ಉಷ್ಣ, ಉಣ್ಣದೆ ಹೊಟ್ಟೆ ಉಬ್ಬಿದರೂ ಉಷ್ಣ. ಮದ್ದೂ ಒಂದೇ, ನೆನೆಸಿದ ಕಾಮಕಸ್ತೂರಿ ಬೀಜ. ಆಶಾ ಕಾರ್ಯಕರ್ತೆ ಶಿವಲೀಲಾ ತಪಾಸಣೆಗೆ ಕರೆದರೆ ಈಕೆ ಕಟ್ಟೆಯ ಮೇಲಿಂದಲೇ, "ಏನಬೇ, ನಿಮ್ಮ ಡಾಕ್ಟ್ರು ಉಷ್ಣಕ್ಕೂ ಮಷೀನ್ ಇಟ್ಟಾರೇನು?" ಎಂದು ನಗುತ್ತಾಳೆ. ಹೊರಟು ನಿಂತವರೂ ನಾಚಿ ಮನೆಗೆ ಮರಳುತ್ತಾರೆ. ಇಷ್ಟು ಜಂಬಕ್ಕೆ ಕಾರಣ ಊರಮ್ಮನ ಗುಡಿ. ಮುಟ್ಟು ನಿಂತ ಹೆಂಗಸೇ ಅಲ್ಲಿ ದೀಪ ಹಚ್ಚಬೇಕು; ಎಂಟು ವರ್ಷದಿಂದ ಆ ಕೆಲಸ ಹಾಲಮ್ಮನದು. ಈಚೆಗೆ ಎರಡು ತಿಂಗಳಿಂದ ಮಾತ್ರ ಆಕೆ ಮಂಡಿನೋವೆಂದು ಹೇಳಿ ಹೊಸ್ತಿಲ ಹೊರಗೇ ನಿಂತು, ಎಣ್ಣೆಯನ್ನು ಹಿರಿಯ ನೆಗೆಣ್ಣಿಯ ಕೈಗೆ ಕೊಡುತ್ತಿದ್ದಳು. ಮೊನ್ನೆ ಹಾಲಮ್ಮನ ಹಿತ್ತಲಲ್ಲಿ ಸೀರೆಯ ಮರೆಗೆ ಒಣಹಾಕಿದ್ದ ಬಟ್ಟೆಯ ಕಲೆ ಶಿವಲೀಲಾಳ ಕಣ್ಣಿಗೆ ಬಿತ್ತು. "ಯಾವಾಗಿಂದ ಹೋಗಾಕತ್ತೈತಿ, ದೊಡ್ಡವ್ವ? ನಿಂತ ಮ್ಯಾಲ ಒಂದು ಹನಿ ಕಂಡ್ರೂ ತೋರಿಸ್ಬೇಕು. ನಾಳಿಗೇ ಕೂಡ್ಲಿಗಿ ದವಾಖಾನಿಗೆ ಹೋಗೂನು." ಹಾಲಮ್ಮ ಬಾಗಿಲು ಮುಂದೆ ಮಾಡಿ ಆಕೆಯ ಕೈ ಹಿಡಿದಳು: "ಬರ್ತೀನವ್ವ. ಗುಡಿಯವ್ರಿಗೆ ಮಾತ್ರ ಹೇಳಬ್ಯಾಡ, ದೀಪ ಕಸ್ಕೊಂತಾರ."