ಮುನಿಯಲ್ಲಮ್ಮನ ಕೈತೂಕ

ಟಪ ಟಪ ಟಪ ಎಂದು ಮೊದಲು ಬೆಲ್ಟು ಸದ್ದು ಮಾಡುತ್ತದೆ. ಆಮೇಲೆ ಕಲ್ಲು ತಿರುಗುತ್ತದೆ. ರಾಗಿ ಬೀಳುವ ತನಕ ಆಂಜಿನಪ್ಪನ ಮಿಷನ್ನು ಕೀರಲು ದನಿಯಲ್ಲಿ ಕಿರುಚುತ್ತದೆ. ರಾಗಿ ಬಿದ್ದ ಕೂಡಲೇ ದನಿ ತಗ್ಗಿ, ದಪ್ಪಗಾಗಿ, ಉಂಡು ಮಲಗಿದವರ ಗೊರಕೆಯಂತಾಗುತ್ತದೆ. ಕುರುಡುಮಲೆ ರಸ್ತೆಯ ನಮ್ಮ ಬೀದಿಗೆ ಬೆಳಗಾಗುವುದು ಈ ಸದ್ದಿನಿಂದಲೇ. ಆ ಮಿಷನ್ನಿನ ಗೋಡೆಗೆ ಗೋಡೆ ಅಂಟಿಸಿಕೊಂಡಿರುವ ಮನೆ ಮುನಿಯಲ್ಲಮ್ಮನದು. ಅವಳ ಪಾತ್ರೆಗಳ ಮೇಲೆ, ದೇವರ ಪಟದ ಮೇಲೆ, ಒಣಹಾಕಿದ ಸೀರೆಯ ಮೇಲೆ ಸದಾ ತೆಳ್ಳಗೆ ರಾಗಿ ಹಿಟ್ಟು ಕೂತಿರುತ್ತದೆ.

"ನಾನು ಉಸಿರು ಎಳ್ಕೊಂಡ್ರೇನೇ ಅರ್ಧ ಮುದ್ದೆ ಒಳಗೆ ಹೋಗ್ತದೆ. ಸಣ್ಣ ಆಗು ಅಂದ್ರೆ ಎಲ್ಲಿಂದ ಆಗ್ಲಿ?" ಎನ್ನುತ್ತಿದ್ದಳು.

ಅವಳಿಗೆ ಐವತ್ತೊಂದು ವರ್ಷ. ಮುಳಬಾಗಿಲಿನಲ್ಲಿ ಚಂದ್ರಮೋಹನನ ಟೊಮೇಟೊ ಮಂಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ. ರೈತರು ತಂದ ಬಾಕ್ಸುಗಳನ್ನು ಹರಾಜಿಗೆ ಸಾಲಾಗಿ ಇಡುವಾಗ ಒಂದೊಂದನ್ನೂ ನೆಲದಿಂದ ಒಂದು ಗೇಣು ಮೇಲೆತ್ತಿ ತೂಕ ಹೇಳುವುದು ಅವಳ ಪಾಲಿನ ಕೆಲಸ. ಬಾಕ್ಸಿಗೆ ಹದಿನೈದು ಕೇಜಿ ಇರಬೇಕು. ಇದ್ದರೆ "ಸರಿ" ಎನ್ನುತ್ತಾಳೆ. ಇಲ್ಲದಿದ್ದರೆ "ಶಾರ್ಟು, ನಾಲ್ಕು ಹಣ್ಣು ಹಾಕು" ಎನ್ನುತ್ತಾಳೆ. ಮಂಡಿಯ ಮೂಲೆಯಲ್ಲಿ ಒಂದು ಹಳೆಯ ತಕ್ಕಡಿಯೂ ಇತ್ತು. ಚಂದ್ರಮೋಹನ್ ಅದರ ಮೇಲೆ ತನ್ನ ಹೆಲ್ಮೆಟ್ ಇಡುತ್ತಿದ್ದ. ಮುನಿಯಲ್ಲಮ್ಮನ ಕೈ ಇರುವಾಗ ಅದಕ್ಕೆ ಬೇರೆ ಉಪಯೋಗ ಇರಲಿಲ್ಲ. ಅವಳು ಹೇಳಿದ ಮೇಲೆ ರೈತನೂ ಎದುರು ಮಾತಾಡುವುದಿಲ್ಲ, ಕೊಳ್ಳುವವನೂ ಆಡುವುದಿಲ್ಲ. ಮೊಮ್ಮಗಳು ಹುಟ್ಟಿದಾಗ ನರ್ಸು ತೂಗುವ ಮೊದಲೇ "ಮೂರು ಕೇಜಿ ಇನ್ನೂರು" ಎಂದವಳು ಅವಳು. ನರ್ಸು ಎರಡು ಸಲ ತೂಗಿ, ಮಗುವನ್ನು ಬಿಟ್ಟು ಅಜ್ಜಿಯನ್ನು ನೋಡಿದ್ದಳಂತೆ.

ಮಂಡಿಯಲ್ಲಿ ಎಲ್ಲ ತೂಕಕ್ಕೂ ಬಾಕ್ಸೇ ಲೆಕ್ಕ. ಮುನಿಯಲ್ಲಮ್ಮ ತನ್ನನ್ನೂ ಹಾಗೇ ಹೇಳಿಕೊಳ್ಳುತ್ತಿದ್ದಳು: "ಐದು ಬಾಕ್ಸು, ಮೇಲೆ ಹತ್ತು ಹಣ್ಣು."

ಮೊಣಕಾಲುಗಳು ನೋಯಲು ಶುರುವಾದಾಗ ಸರ್ಕಾರಿ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಎಳೆಯ ವಯಸ್ಸಿನವರು, ತಾಳ್ಮೆಯಿಂದ ಕೇಳಿದರು. ದಿನಕ್ಕೆ ಎಷ್ಟು ಟೀ? ಮಂಡಿಯಲ್ಲಿ ಕೊಟ್ಟಷ್ಟು, ಏಳು ಇರಬಹುದು. ಸಕ್ಕರೆ? ಹಾಕದಿದ್ದರೆ ಅದು ಟೀ ಹೇಗಾಗುತ್ತದೆ? ಹತ್ತು ಗಂಟೆಗೆ? ಬೋಂಡ. ಮಧ್ಯಾಹ್ನ? ಮುದ್ದೆ. ಅಷ್ಟೇನಾ? ಮುದ್ದೆ ಆದಮೇಲೆ ಅನ್ನ ಉಣ್ಣದೆ ಏಳುವುದಕ್ಕೆ ನಮಗೇನು ಬಡತನ ಬಂದಿದೆಯಾ ಮೇಡಂ?

ಡಾಕ್ಟರಮ್ಮ ನಗದೆ ಒಂದು ಚೀಟಿ ಬರೆದರು. ಟೀ ಎರಡು, ಸಕ್ಕರೆ ಇಲ್ಲದೆ. ಬೋಂಡ ಬಿಡುವುದು. ಮುದ್ದೆ ಒಂದು, ಅದರ ಜೊತೆ ಸೊಪ್ಪು, ಕಾಳು ಧಾರಾಳ. ಅನ್ನ ಒಂದು ಹಿಡಿ. ಸಾಯಂಕಾಲ ನಡೆಯುವುದು.

ಮುನಿಯಲ್ಲಮ್ಮನಿಗೆ ಅವಮಾನವಾಯಿತು. "ಒಂದು ಸೂಜಿ ಇಲ್ಲ, ಒಂದು ಮಾತ್ರೆ ಇಲ್ಲ. ಸೊಪ್ಪು ತಿನ್ನು ಅನ್ನೋಕೆ ಅಷ್ಟು ವರ್ಷ ಓದಬೇಕಾ? ನಮ್ಮತ್ತೆ ಓದದೇನೇ ಹೇಳ್ತಿದ್ಲು" ಎಂದು ಚೀಟಿಯನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದಳು.

ತೂಕ ಇಳಿಸುವ ಕ್ಲಬ್ಬಿನ ಸುನಂದ ಸಿಕ್ಕಿದ್ದು ಆ ವಾರವೇ. ಸೀರೆ ಅಂಗಡಿಯ ಮಹಡಿಯಲ್ಲಿ ಗುಲಾಬಿ ಬಣ್ಣದ ಗೋಡೆಯ ಒಂದು ರೂಮು, ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮಿಕ್ಸಿ. ಬಾಗಿಲಲ್ಲಿ ಆಳೆತ್ತರದ ಬೋರ್ಡು: ಒಂದು ಕಡೆ ದುಂಡಗಿನ ಸುನಂದ, ಇನ್ನೊಂದು ಕಡೆ ಸಪೂರ ಸುನಂದ. ಕೆಳಗೆ '78ರಿಂದ 52ಕ್ಕೆ!' ಅವಳು ಶ್ರೀನಿವಾಸಪುರದ ಹುಡುಗಿ, ಮುಳಬಾಗಿಲಿಗೆ ಮದುವೆಯಾಗಿ ಬಂದವಳು. ಬಂದವರನ್ನೆಲ್ಲ ಆಂಟಿ ಎಂದು ಕರೆದು, ಚಾಕೊಲೇಟು ವಾಸನೆಯ ಪುಡಿಯನ್ನು ನೀರಿಗೆ ಹಾಕಿ ಮಿಕ್ಸಿಯಲ್ಲಿ ಗಿರ್ರೆನ್ನಿಸಿ ಕೊಡುತ್ತಿದ್ದಳು. ಬೆಳಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ. ಮಧ್ಯಾಹ್ನ ಸೌತೆಕಾಯಿ. ಮುದ್ದೆಯ ಹೆಸರೆತ್ತುವಂತಿಲ್ಲ.

ಹೊಸಬರು ಎದ್ದು ನಿಂತು ತಮ್ಮ ಗುರಿ ಹೇಳಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು.

"ನಾನು ಮುನಿಯಲ್ಲಮ್ಮ. ಒಂದು ಬಾಕ್ಸು ಕಮ್ಮಿ ಆಗ್ಬೇಕು."

"ಬಾಕ್ಸ್ ಅಂದ್ರೆ ಏನು ಆಂಟಿ?"

"ನಿಂಗೆ ಬಾಕ್ಸು ಗೊತ್ತಿಲ್ವಾ? ಯಾವೂರೇ ನಿಂದು?"

ಚಪ್ಪಾಳೆ ಮಾತ್ರ ಜೋರಾಗಿ ಬಿತ್ತು. ದುಡ್ಡು ಕೊಟ್ಟು ಕುಡಿಯುವುದರಿಂದ ಇದೇ ನಿಜವಾದ ಔಷಧಿ ಎಂದು ಮುನಿಯಲ್ಲಮ್ಮನಿಗೆ ಖಾತ್ರಿಯಾಯಿತು. ಅಂದಿನಿಂದ ಮಿಷನ್ನಿಗೆ ರಾಗಿ ಒಯ್ಯುವುದು ನಿಂತಿತು. ಒಲೆ ಆರಿತು. ಅವಳ ಗಂಡ ವೆಂಕಟ್ ಎರಡು ದಿನ ಸೌತೆಕಾಯಿ ನೋಡಿ, ಮೂರನೆಯ ದಿನದಿಂದ ತಂಗಿಯ ಮನೆಯಲ್ಲಿ ಉಣ್ಣತೊಡಗಿದ. ಹತ್ತು ದಿನಕ್ಕೆ ಮೂರು ಕೇಜಿ ಇಳಿಯಿತು. "ಕುರುಡುಮಲೆ ಗಣಪ್ಪನಿಗೂ ಒಂದು ಡಬ್ಬಿ ಕೊಡಿಸ್ತೀನಿ. ಅಷ್ಟು ದೊಡ್ಡ ಹೊಟ್ಟೆ ಇಟ್ಕೊಂಡು ಎಷ್ಟು ವರ್ಷ ಅಂತ ಕೂತಿರ್ತಾನೆ ಪಾಪ" ಎಂದು ಮಂಡಿಯಲ್ಲಿ ಹೇಳಿ ನಗಿಸಿದಳು.

ಹದಿನೆಂಟನೆಯ ದಿನ ಬುಧವಾರ. ವಡ್ಡಹಳ್ಳಿ ಕಡೆಯ ರೈತನೊಬ್ಬ ನಲವತ್ತು ಬಾಕ್ಸು ತಂದಿದ್ದ. ಮುನಿಯಲ್ಲಮ್ಮ ಮೊದಲನೆಯದನ್ನು ಎತ್ತಿದಳು. ಭಾರ. "ಜಾಸ್ತಿ ಐತೆ, ನಾಲ್ಕು ತೆಗಿ" ಎಂದಳು. ಎರಡನೆಯದೂ ಭಾರ. ಮೂರನೆಯದೂ. ರೈತನಿಗೆ ಖುಷಿಯೋ ಖುಷಿ. ತೆಗೆದ ಹಣ್ಣನ್ನೆಲ್ಲ ಇನ್ನೊಂದು ಬಾಕ್ಸಿಗೆ ತುಂಬಿಕೊಂಡ. ಹಣ್ಣು ಕೊಂಡ ಉಮಾಶಂಕರನಿಗೆ ಲಾರಿ ಹತ್ತಿಸುವಾಗ ಯಾಕೋ ಅನುಮಾನ ಬಂತು. ಹೆಲ್ಮೆಟ್ ಕೆಳಗಿಟ್ಟು ಹಳೆಯ ತಕ್ಕಡಿಯ ಮೇಲೆ ಒಂದು ಬಾಕ್ಸು ಇಟ್ಟ. ಹದಿನಾಲ್ಕೂವರೆ. ಇನ್ನೊಂದು ಇಟ್ಟ. ಅದೂ ಹದಿನಾಲ್ಕೂವರೆ. ನಲವತ್ತೂ ಶಾರ್ಟು.

ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಏಮಕ್ಕಾ, ಕೈಗೇನಾಯ್ತು?" ಎಂದ ಉಮಾಶಂಕರ್, ಮೆಲ್ಲಗೆ.

ಚಂದ್ರಮೋಹನ್ ಅವಳ ಮುಖ ನೋಡದೆ ಹೇಳಿದ: "ಕರೆಂಟಿನ ತಕ್ಕಡಿಗೆ ಹೇಳ್ತೀನಕ್ಕಾ. ಬರೋಕೆ ಹನ್ನೆರಡು ದಿನ ಆಗ್ತದೆ. ಅದು ಬಂದ್ಮೇಲೆ ನೀನು ಹಣ್ಣು ಆರಿಸೋ ಕಡೆ ಕೂತ್ಕೋ. ವಯಸ್ಸಾಯ್ತಲ್ಲ."

ಹಣ್ಣು ಆರಿಸುವುದೆಂದರೆ ನೆಲದ ಮೇಲೆ ಕೂತು ಕೊಳೆತದ್ದನ್ನು ಬೇರೆ ಮಾಡುವುದು. ಅಲ್ಲಿ ಯಾರೂ ಯಾರ ಮಾತಿಗೂ ಕಾಯುವುದಿಲ್ಲ.

ಸಂಜೆ ಮನೆಗೆ ಬಂದವಳು ಒಳಗೆ ಹೋಗದೆ ಮಿಷನ್ನಿನ ಕಟ್ಟೆಯ ಮೇಲೆ ಕೂತಳು. ಆಂಜಿನಪ್ಪ ಮಿಷನ್ನು ಆಫ್ ಮಾಡಿ ಕಲ್ಲು ಗುಡಿಸುತ್ತಿದ್ದ.

"ಎಷ್ಟು ದಿನ ಆಯ್ತಮ್ಮ ನೀನು ರಾಗಿ ತಂದು? ಗೋಡೆ ಆಚೆ ಮುದ್ದೆ ತಿರುವೋ ಸದ್ದೂ ಇಲ್ಲ. ಊರು ಬಿಟ್ಟೆ ಅನ್ಕೊಂಡೆ."

"ನನ್ನ ಕೈ ಹೋಯ್ತು ಆಂಜಿನಪ್ಪ. ಯಾರದೋ ಕಣ್ಣು ಬಿತ್ತು."

ಆಂಜಿನಪ್ಪ ಮೂಲೆಯಿಂದ ಒಂದು ಹಿಟ್ಟಿನ ಡಬ್ಬ ಎಳೆದು ಅವಳ ಮುಂದಿಟ್ಟ. ಅದು ಅವನ ಅಪ್ಪನ ಕಾಲದ ಐದು ಕೇಜಿಯ ಡಬ್ಬ. ಮುನಿಯಲ್ಲಮ್ಮ ಅದನ್ನು ಮದುವೆಯಾಗಿ ಬಂದ ವರ್ಷದಿಂದ ಎತ್ತುತ್ತಿದ್ದಾಳೆ. ಈಗ ಎತ್ತಿದಳು. ಏಳು ಎನ್ನಿಸಿತು. ಕೆಳಗಿಟ್ಟು ಮತ್ತೆ ಎತ್ತಿದಳು. ಏಳೇ.

"ಡಬ್ಬ ಅದೇ. ಹಿಟ್ಟೂ ಅಷ್ಟೇ ಐತೆ" ಎಂದ ಆಂಜಿನಪ್ಪ. "ಬೆಳಗ್ಗೆಯಿಂದ ಏನು ತಿಂದೆ?"

"ಸೌತೆಕಾಯಿ."

"ಎಷ್ಟು?"

"ಒಂದೂವರೆ."

ಅವನು ನಗಲಿಲ್ಲ. "ರಾಗಿ ಹಾಕ್ದೆ ಓಡಿಸಿದ್ರೆ ಮಿಷನ್ನೂ ಓಡ್ತದಮ್ಮ. ಆದ್ರೆ ಕಲ್ಲೇ ಕಲ್ಲನ್ನ ತಿಂತದೆ" ಎಂದು ಮತ್ತೆ ಗುಡಿಸತೊಡಗಿದ.

ಮುನಿಯಲ್ಲಮ್ಮ ಅವತ್ತೇ ಎರಡು ಸೇರು ರಾಗಿ ಹಿಟ್ಟು ಹಾಕಿಸಿಕೊಂಡು ಹೋದಳು. ಪಾತ್ರೆಯಲ್ಲಿ ಹಿಟ್ಟು ಕುದಿಯುವಾಗ ಕ್ಯಾಲೆಂಡರಿನ ಹಿಂದಿನ ಚೀಟಿ ತೆಗೆದು, ಒಲೆಯ ಬೆಳಕಿಗೆ ಹಿಡಿದು, ಶತ್ರುವಿನ ಕಾಗದ ಓದುವವಳಂತೆ ಒಂದೊಂದೇ ಅಕ್ಷರ ಓದಿದಳು. ಮುದ್ದೆ ಒಂದು. ಎರಡನೆಯದನ್ನು ಕಟ್ಟಿಯಾಗಿತ್ತು, ಅದನ್ನು ಗಂಡನ ತಟ್ಟೆಗೆ ಹಾಕಿದಳು. ವೆಂಕಟ್ ತಂಗಿಯ ಮನೆಯಲ್ಲಿ ಉಂಡು ಬಂದಿದ್ದ. ಹಾಗಂತ ಹೇಳುವ ಧೈರ್ಯ ಸಾಲದೆ ಅದನ್ನೂ ಉಂಡ.

ಹನ್ನೆರಡು ದಿನ ಅವಳು ಚೀಟಿ ಹೇಳಿದ ಹಾಗೇ ನಡೆದಳು, ಬೈದುಕೊಳ್ಳುತ್ತಲೇ. ಸಕ್ಕರೆಯಿಲ್ಲದ ಟೀಗೆ "ಪಾತ್ರೆ ತೊಳೆದ ನೀರು" ಎಂದು ಹೆಸರಿಟ್ಟಳು. ದಂಟಿನ ಸೊಪ್ಪು, ಹುರುಳಿಕಾಳು, ಒಂದು ದಿನ ಮೊಟ್ಟೆ. ಹತ್ತು ಗಂಟೆಗೆ ಬೋಂಡದ ವಾಸನೆ ಬಂದಾಗ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ದಿನವೂ ಸಂಜೆ ಮಿಷನ್ನಿಗೆ ಹೋಗಿ ಆ ಡಬ್ಬ ಎತ್ತುತ್ತಿದ್ದಳು. ಏಳು. ಆರೂವರೆ. ಆರು. ಒಂಬತ್ತನೆಯ ದಿನ ಎತ್ತಿ, ಇಳಿಸಿ, ಏನೂ ಹೇಳದೆ ಮನೆಗೆ ಹೋದಳು. ಐದು ಆಗಿರಬೇಕು ಎಂದು ಆಂಜಿನಪ್ಪ ಅಂದುಕೊಂಡ.

ಸೋಮವಾರ ಹೊಸ ತಕ್ಕಡಿ ಬಂತು. ಕೆಂಪು ಅಂಕಿ, ಮೈಮೇಲೆ ಇನ್ನೂ ಪ್ಲಾಸ್ಟಿಕ್ ಹೊದಿಕೆ. ಮುನಿಯಲ್ಲಮ್ಮ ಅದರ ಪಕ್ಕ ಬಂದು ಸೆರಗು ಸಿಕ್ಕಿಸಿ ನಿಂತಳು.

"ಚಂದ್ರಣ್ಣ, ಹತ್ತು ಎತ್ತಿ ಹೇಳ್ತೀನಿ. ಒಂದು ತಪ್ಪಿದ್ರೂ ನಾನೇ ಹೋಗಿ ಕೊಳೆತ ಹಣ್ಣಿನ ಹತ್ರ ಕೂತ್ಕೋತೀನಿ."

ಒಂದೊಂದಾಗಿ ಎತ್ತಿದಳು. ಸರಿ. ಸರಿ. ಶಾರ್ಟು, ಮೂರು ಹಣ್ಣು. ಸರಿ. ಪ್ರತಿ ಸಲವೂ ಕೆಂಪು ಅಂಕಿ ಅವಳ ಹಿಂದೆಯೇ ಬಂತು. ಒಂಬತ್ತು ಬಾಕ್ಸು ಆದಾಗ ಮಂಡಿಯ ಬಾಗಿಲಲ್ಲಿ ಸುನಂದ ಕಂಡಳು, ಕೈಯಲ್ಲಿ ಫೋನು.

"ಆಂಟೀ! ಕ್ಲಬ್ಬಿಗೇ ಬರ್ತಿಲ್ಲ ನೀವು! ಬೋರ್ಡಿಗೆ ನಿಮ್ಮ ಫೋಟೋ ಬೇಕಿತ್ತು. ಅಯ್ಯೋ, ಇಷ್ಟು ಭಾರ ಎಲ್ಲ ಎತ್ತಬಾರದು ಆಂಟಿ."

ಬಿಸಿಲಲ್ಲಿ ನಡೆದು ಬಂದು ಅವಳ ತುಟಿ ಒಣಗಿತ್ತು. ಕಂಬ ಹಿಡಿದು ನಿಂತಳು. ಮುನಿಯಲ್ಲಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಬಾಕ್ಸು ನೋಡುವ ಹಾಗೆ.

"ನಿಂದೆಷ್ಟೇ ತೂಕ?"

"ಐವತ್ತೆರಡು. ಬೋರ್ಡಲ್ಲೇ ಇದೆಯಲ್ಲ."

"ಬೋರ್ಡು ಯಾವಾಗಿಂದು?"

"ಹೋದ ವರ್ಷದ್ದು."

ಮುನಿಯಲ್ಲಮ್ಮ ಎರಡು ಹೆಜ್ಜೆ ಮುಂದೆ ಬಂದು, ಸುನಂದಳ ಸೊಂಟ ಬಳಸಿ ಹಿಡಿದು, ನೆಲದಿಂದ ಒಂದು ಗೇಣು ಎತ್ತಿ ಇಳಿಸಿದಳು. ಚಪ್ಪಲಿಯೊಂದು ಕಳಚಿ ಬಿತ್ತು. ಮಂಡಿಯವರೆಲ್ಲ ಹೋ ಎಂದರು.

"ಹತ್ತನೇದು," ಎಂದಳು ಮುನಿಯಲ್ಲಮ್ಮ. "ಮೂರು ಬಾಕ್ಸು. ಅದೂ ಎಂಟು ಹಣ್ಣು ಶಾರ್ಟು."

ಸುನಂದ ನಾಚಿಕೊಂಡು, ಸಿಟ್ಟು ಮಾಡಿಕೊಂಡು, ಅದು ಸುಳ್ಳೆಂದು ತೋರಿಸಲೆಂದೇ ತಕ್ಕಡಿ ಹತ್ತಿದಳು. ಕೆಂಪು ಅಂಕಿ ಸ್ವಲ್ಪ ಹೊತ್ತು ಅತ್ತಿತ್ತ ಓಡಾಡಿ ನಿಂತಿತು. ನಲವತ್ನಾಲ್ಕು ಕೇಜಿ ಮುನ್ನೂರು ಗ್ರಾಂ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಂದ್ರಮೋಹನ್ ಸುಮ್ಮನೆ ತನ್ನ ಹೆಲ್ಮೆಟ್ ತಂದು, ಸುನಂದ ಇಳಿದ ಮೇಲೆ, ಹೊಸ ತಕ್ಕಡಿಯ ಮೇಲೆ ಇಟ್ಟ. "ಅಕ್ಕಾ, ಟೇಕಲ್ ಊರಿಂದ ಗಾಡಿ ಬಂದೈತೆ, ಎಂಬತ್ತು ಬಾಕ್ಸು" ಎಂದ.

ಮುನಿಯಲ್ಲಮ್ಮ ಬಿದ್ದ ಚಪ್ಪಲಿಯನ್ನು ಕಾಲಿಂದ ಸುನಂದಳ ಕಡೆ ಸರಿಸಿದಳು. "ಊಟ ಅಂತ ಮಾಡಿ ಎಷ್ಟು ದಿನ ಆಯ್ತೇ ನೀನು?"

ಸುನಂದ ಫೋನನ್ನು ಬ್ಯಾಗಿಗೆ ಹಾಕಿಕೊಂಡಳು. ಮುನಿಯಲ್ಲಮ್ಮ ಕಂಬಕ್ಕೆ ನೇತುಹಾಕಿದ್ದ ತನ್ನ ಕ್ಯಾರಿಯರ್ ತಂದು ಅವಳ ಕೈಗಿಟ್ಟಳು.

"ಮುದ್ದೆ ಐತೆ, ಹುರುಳಿ ಸಾರೈತೆ. ಅಲ್ಲಿ ನೆರಳಲ್ಲಿ ಕೂತ್ಕೊಂಡು ಉಣ್ಣು. ನನಗೇನು, ಸಾಯಂಕಾಲ ಮಾಡ್ಕೋತೀನಿ. ಫೋಟೋ ಆಮೇಲೆ ತೆಗೆಯುವಂತೆ, ಇಬ್ಬರದ್ದೂ ಒಟ್ಟಿಗೇ ತೆಗಿ, ಬೋರ್ಡಿಗೆ ನೀನು ಯಾವ ಕಡೆ ನಾನು ಯಾವ ಕಡೆ ಅಂತ ಮಾತ್ರ..." ಎನ್ನುತ್ತಾ ಅವಳು ಟೇಕಲ್ ಗಾಡಿಯ ಕಡೆ ನಡೆದೇ ಬಿಟ್ಟಳು, ಉಳಿದ ಮಾತು ಬಾಕ್ಸುಗಳ ಸದ್ದಿನಲ್ಲಿ ಮುಳುಗಿಹೋಯಿತು.