ನೈರೋಬಿಯಲ್ಲಿ ಎಂಟು ನಿಮಿಷ ತಡ

ಏಪ್ರಿಲ್‌ನ ಒಂದು ಮಂಗಳವಾರ ಬೆಳಗ್ಗೆ ನೈರೋಬಿಯ ಎಂಬಕಸಿ ನಿಲ್ದಾಣದಲ್ಲಿ ವಿಮಾನ ಇಳಿದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಮುಂಬೈಯಿಂದ ಆರು ಗಂಟೆಯ ಹಾರಾಟ. ಅಷ್ಟರಲ್ಲಿ ಪಕ್ಕದ ಸೀಟಿನವರ ಗೊರಕೆಯನ್ನು ಮೂರು ಬಗೆಯಲ್ಲಿ ಕಲಿತುಕೊಂಡಿದ್ದೆ. ಪಾಸ್‌ಪೋರ್ಟ್ ನೋಡುವ ಅಧಿಕಾರಿ ನನ್ನ ಉದ್ಯೋಗ ಕೇಳಿದರು. ಮೈಸೂರಿನಲ್ಲಿ ರೇಡಿಯೋ ಜಾಹೀರಾತುಗಳಿಗೆ ದನಿ ಕೊಡುತ್ತೇನೆ, ಬೇರೆಯವರ ಹಾಗೆ ಮಾತಾಡುತ್ತೇನೆ ಎಂದೆ. "ನನ್ನ ಹಾಗೆ ಮಾತಾಡಬೇಡ" ಎಂದು ಮುದ್ರೆ ಒತ್ತಿದರು. ಹೊರಗೆ ಬಂದು ಮೊದಲು ಮಾಡಿದ್ದು ಅದನ್ನೇ.

ಹರ್ಲಿಂಗ್‌ಹ್ಯಾಮ್‌ಗೆ ಟ್ಯಾಕ್ಸಿಯವನು ಸಾವಿರದ ಎಂಟುನೂರು ಶಿಲ್ಲಿಂಗ್ ಕೇಳಿ ಸಾವಿರದ ಐನೂರಕ್ಕೆ ಬಂದ. ಅಲ್ಲಿ ಒಂದು ಕ್ಲಿನಿಕ್ಕಿನ ಹಿಂದಿನ ನಾಲ್ಕಂತಸ್ತಿನ ಕಟ್ಟಡದಲ್ಲಿ ಪ್ರಭಾ ಚಿಕ್ಕಮ್ಮನ ಮನೆ. ಚಿಕ್ಕಪ್ಪನಿಗೆ ಅಪ್ಪರ್ ಹಿಲ್‌ನ ಬ್ಯಾಂಕಿನಲ್ಲಿ ಕೆಲಸ. ಚಿಕ್ಕಮ್ಮ ಎನ್‌ಗಾಂಗ್ ರಸ್ತೆಯ ಕೊನೆಯ ಕಡೆ ಇರುವ, ಅಮೆರಿಕದ ಪಠ್ಯಕ್ರಮದ ಶಾಲೆಯೊಂದರಲ್ಲಿ ಟೀಚರ್. ಮೈಸೂರಿನ ಹೆಂಗಸೊಬ್ಬಳು ಕೆನ್ಯಾದ ಮಕ್ಕಳಿಗೆ ಅಮೆರಿಕದ ಸರ್ಕಾರದ ಮೂಲವನ್ನು ಕಲಿಸುತ್ತಾಳೆ. ಆ ಮೂಲ ಇರುವುದು ಇಂಗ್ಲೆಂಡಿನಲ್ಲಿ. ಇದು ನನಗೆ ಅರ್ಥವಾಗಲು ಎರಡು ಲೋಟ ಕಾಫಿ ಬೇಕಾಯಿತು.

ಊಟದಲ್ಲಿ ಸುಕುಮಾ ಸೊಪ್ಪಿನ ಪಲ್ಯಕ್ಕೆ ಮೈಸೂರಿನ ಒಗ್ಗರಣೆ ಬಿದ್ದಿತ್ತು. ಜೊತೆಗೆ ಉಗಾಲಿ, ನಮ್ಮ ಮುದ್ದೆಯ ಬೆಳ್ಳಗಿನ ತಮ್ಮ.

"ಸುಧಿ, ಗುರುವಾರ ನನ್ನ ಕ್ಲಾಸಿಗೆ ಬರ್ತೀಯಾ? ಒಬ್ಬ ರಾಜ ಬೇಕು" ಎಂದರು ಚಿಕ್ಕಮ್ಮ.

"ಯಾವ ರಾಜ?"

"ಇಂಗ್ಲೆಂಡಿನ ಜಾನ್. ಮಹಾ ಸನ್ನದಿಗೆ, ಅಂದ್ರೆ ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಕಾಗದಕ್ಕೆ, ಮುದ್ರೆ ಒತ್ತಿದವನು. ಪಾಳೆಯಗಾರರು ಸುತ್ತ ನಿಂತು ಒತ್ತಿಸ್ತಾರೆ, ನೀನು ಸಿಡುಕ್ತಾ ಒತ್ತಬೇಕು."

"ಸಿಡುಕೋದಕ್ಕೆ ಚಿಕ್ಕಪ್ಪನ್ನ ಕರ್ಕೊಂಡು ಹೋಗಿ, ಪ್ರಾಕ್ಟೀಸ್ ಇದೆ."

"ನನ್ನ ಹತ್ರಾನೂ ಒತ್ತಿಸ್ಕೊಂಡಿದಾಳೆ ಕಣೋ, ಮದುವೆ ರಿಜಿಸ್ಟರ್‌ನಲ್ಲಿ" ಎಂದರು ಚಿಕ್ಕಪ್ಪ.

ಚಿಕ್ಕಮ್ಮ ನಗಲಿಲ್ಲ. ಗುರುವಾರ ಪ್ರಾಂಶುಪಾಲರು ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳುವವರಿದ್ದರು. ಶಾಲೆಯೊಂದಿಗಿನ ಚಿಕ್ಕಮ್ಮನ ಎರಡು ವರ್ಷದ ಒಪ್ಪಂದ ಮುಗಿಯುತ್ತಾ ಬಂದಿತ್ತು. ಮುಂದುವರಿಸುವುದೋ ಬೇಡವೋ ಎಂಬುದು ಆ ಒಂದು ಪಾಠವನ್ನು ನೋಡಿ ತೀರ್ಮಾನವಾಗಬೇಕಿತ್ತು. ಹಾಗಾಗಿ ತಟ್ಟೆ ಸರಿಸಿ ಇಡೀ ಪಾಠವನ್ನು ಶಾಲೆಯಲ್ಲಿ ಹೇಳುವ ಇಂಗ್ಲಿಷಿನಲ್ಲೇ ನಮಗೆ ಒಪ್ಪಿಸಿದರು. ಬುಧವಾರ ಇನ್ನೊಮ್ಮೆ ಒಪ್ಪಿಸಿದರು. ಪ್ರತಿ ನಾಲ್ಕು ವಾಕ್ಯಕ್ಕೆ ಕನ್ನಡಕ ಮೇಲೇರಿಸಿ "ತಿಳೀತಾ? ಇನ್ನೊಂದ್ಸಲ ಹೇಳ್ಲಾ?" ಎಂದು ಇಂಗ್ಲಿಷಿನಲ್ಲಿ ಕೇಳುವುದು ಅವರ ರೂಢಿ. ನಾನು ಪಾಠಕ್ಕಿಂತ ಆ ಕನ್ನಡಕವನ್ನೇ ಹೆಚ್ಚು ಗಮನಿಸಿದೆ.

ಆ ತರಗತಿಗೂ ಒಂದು ಸನ್ನದಿತ್ತು. ವರ್ಷದ ಆರಂಭದಲ್ಲಿ ಮಕ್ಕಳೇ ಕೂತು ನಾಲ್ಕು ನಿಯಮ ಬರೆದು ಗೋಡೆಗೆ ಅಂಟಿಸಿದ್ದರಂತೆ. ತಡವಾಗಿ ಬಂದವರು ಪೀರಿಯಡ್ ಮುಗಿಯುವವರೆಗೆ ಹೊರಗೆ ಕಿಟಕಿಯ ಬಳಿ ನಿಲ್ಲಬೇಕು, ಬಾಯಿ ಬಿಡಬಾರದು. "ಮೊದಲನೇ ಸಹಿ ನಂದೇ" ಎಂದರು ಚಿಕ್ಕಮ್ಮ, ಹೆಮ್ಮೆಯಿಂದ.

ಬುಧವಾರ ನಾನೊಬ್ಬನೇ ಊರು ಸುತ್ತಿದೆ. ಐವತ್ತು ಶಿಲ್ಲಿಂಗ್ ಕೊಟ್ಟು ಮಟಾಟು ಹತ್ತಿ ಪೇಟೆಗೆ ಹೋದೆ, ಮಳೆ ಬಂತೆಂದು ವಾಪಸಾಗುವಾಗ ಎಂಬತ್ತು ಕೊಟ್ಟೆ. ಹದಿನಾಲ್ಕು ಸೀಟಿನ ಈ ವ್ಯಾನುಗಳಲ್ಲಿ ಡ್ರೈವರ್ ಹಿಂದೆ ನೋಡುವುದಿಲ್ಲ. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ತಗಡಿನ ಮೇಲೆ ಒಂದು ಏಟು ಹಾಕಿದರೆ ನಿಲ್ಲು, ಎರಡು ಹಾಕಿದರೆ ಹೊರಡು. ಇಡೀ ಆಡಳಿತ ಅಷ್ಟೇ. ಸಂಜೆಯ ಹೊತ್ತಿಗೆ ಅವರ ಕೂಗು, ಶಿಳ್ಳೆ, ಏಟು ಮೂರೂ ನನ್ನ ಕೈವಶವಾಗಿದ್ದವು. ಮನೆಗೆ ಬಂದು ಫ್ರಿಜ್ಜಿನ ಮೇಲೆ ಬಾರಿಸಿ ತೋರಿಸಿದೆ.

ಗುರುವಾರ ಬೆಳಗ್ಗೆ ಚಿಕ್ಕಮ್ಮ ಟ್ಯಾಕ್ಸಿಗೆಂದು ಫೋನ್ ತೆಗೆದಾಗ ನಾನು ಅಡ್ಡ ನಿಂತೆ. "ಇನ್ನೂ ಒಂದು ಗಂಟೆ ಇದೆ ಚಿಕ್ಕಮ್ಮ. ಮಟಾಟುನಲ್ಲೇ ಹೋಗೋಣ, ಪ್ಲೀಸ್. ರಾಜ ಜನರ ಜೊತೆ ಓಡಾಡಬೇಕು."

"ಆ ರಾಜ ಓಡಾಡ್ತಿರಲಿಲ್ಲ, ಅದೇ ತೊಂದರೆ ಆಗಿದ್ದು" ಎಂದರೂ ಚಪ್ಪಲಿ ಮೆಟ್ಟಿ ಹೊರಟರು.

ಎನ್‌ಗಾಂಗ್ ರಸ್ತೆಯವರೆಗೆ ಕಾಲು ಗಂಟೆ ನಡೆದೆವು. ತಲೆಗೆ ನೂರು ಶಿಲ್ಲಿಂಗ್. ಕಂಡಕ್ಟರ್ ನಲವತ್ತು ದಾಟಿದ ದಪ್ಪ ಆಸಾಮಿ, ಹೆಸರು ಒಟಿಯೆನೊ. ನಾನು ಬಾಗಿಲ ಪಕ್ಕ ಕೂತು ಅವನ ಕೂಗಿಗೆ ಅವನದೇ ದನಿಯಲ್ಲಿ ಮಾರುಕೂಗು ಕೊಟ್ಟೆ. ಅವನು ಬಿದ್ದು ಬಿದ್ದು ನಕ್ಕ. ಇಬ್ಬರು ಹೆಂಗಸರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿದ ಮೇಲೆ ನನ್ನನ್ನು ತಡೆಯುವುದು ಕಷ್ಟ. ಮುಂದಿನ ನಿಲ್ದಾಣದಲ್ಲಿ ಒಟಿಯೆನೊ ಇಳಿದು ಅಜ್ಜಿಯೊಬ್ಬರ ಆಲೂಗಡ್ಡೆ ಚೀಲ ಹಿಂದೆ ತುಂಬಿ, ಅವರನ್ನು ಹತ್ತಿಸಿ, ನೀರಿನ ಬಾಟಲಿ ಕೊಳ್ಳಲು ಅಂಗಡಿಯ ಕಡೆ ತಿರುಗಿದ. ನಾನು ಕಿಟಕಿಯಿಂದ ಕೈ ಹೊರಹಾಕಿ ತಗಡಿಗೆ ಎರಡು ಏಟು ಬಾರಿಸಿದೆ, ಅವನ ಶಿಳ್ಳೆಯನ್ನೂ ಹಾಕಿದೆ.

ಡ್ರೈವರ್ ಹೊರಟ.

ಮೊದಲು ಎಲ್ಲರೂ ನಕ್ಕರು. ಡ್ರೈವರ್ ರೇಡಿಯೋ ಜೋರು ಮಾಡಿದ್ದ. ನಾನು ನಿಲ್ಲಿಸಲೆಂದು ಒಂದು ಏಟು ಹಾಕಿದೆ, ಆದರೆ ಗಾಬರಿಯಲ್ಲಿ ಎರಡನೆಯದೂ ಬಿತ್ತು. ಅವನು ಇನ್ನೂ ಜೋರಾಗಿ ಓಡಿಸಿದ. ಹಿಂದಿನವರು ಕೂಗಿ ಕೂಗಿ ನಿಲ್ಲಿಸುವಷ್ಟರಲ್ಲಿ ಒಂದೂವರೆ ಕಿಲೋಮೀಟರ್ ಬಂದಿದ್ದೆವು. ಕಂಡಕ್ಟರ್ ಇಲ್ಲದೆ ವ್ಯಾನು ಮುಂದೆ ಹೋಗುವಂತಿರಲಿಲ್ಲ, ವಸೂಲಾದ ಹಣವೆಲ್ಲ ಅವನ ಜೇಬಿನಲ್ಲಿತ್ತು. ಆ ಹೊತ್ತಿನಲ್ಲಿ ಖಾಲಿ ಟ್ಯಾಕ್ಸಿಯೂ ಸಿಗಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಒಟಿಯೆನೊ ಬಾಡಿಗೆ ಬೈಕಿನ ಹಿಂದೆ ಕೂತು, ಬಾಟಲಿ ಹಿಡಿದು ಬಂದ. "ಪೋಲೆ, ಪೋಲೆ ಸಾನ" ಎಂದು ಕ್ಷಮೆ ಕೇಳಿದೆ. "ನಿನ್ನನ್ನು ಯಾರು ಕಂಡಕ್ಟರ್ ಮಾಡಿದ್ದು?" ಎಂದ ಇಂಗ್ಲಿಷಿನಲ್ಲಿ. ಬೈಕಿನ ನೂರು ಶಿಲ್ಲಿಂಗ್ ನಾನೇ ಕೊಟ್ಟೆ.

ತರಗತಿಯ ಬಾಗಿಲು ತಲುಪಿದಾಗ ಎಂಟು ನಿಮಿಷ ತಡವಾಗಿತ್ತು. ಒಳಗೆ ಹದಿನಾರು ವಯಸ್ಸಿನ ಹದಿನೈದು ಮಕ್ಕಳಿದ್ದರು. ಹಿಂದಿನ ಬೆಂಚಿನಲ್ಲಿ ನರೆಗೂದಲಿನ ಪ್ರಾಂಶುಪಾಲರು ಕೂತು ಗಡಿಯಾರ ನೋಡುತ್ತಿದ್ದರು. ಅಲ್ಲಿ ನಡೆದ ಮಾತೆಲ್ಲ ಇಂಗ್ಲಿಷಿನದು, ಕನ್ನಡ ನನ್ನದು.

"ಬನ್ನಿ ಮೇಡಂ, ಎಂಟೇ ನಿಮಿಷ. ಹತ್ತು ಗಂಟೆಗೆ ನನಗೆ ಮೀಟಿಂಗ್ ಇದೆ, ಶುರು ಮಾಡಿ" ಎಂದರು ಪ್ರಾಂಶುಪಾಲರು.

ಆ ವಾರ ತರಗತಿಯ ಸಭಾಪತಿ ವಂಜಿರು ಎಂಬ ಹುಡುಗಿ. ಅವಳು ತಲೆ ತಗ್ಗಿಸಿಕೊಂಡು ಗೋಡೆಯ ಕಾಗದವನ್ನು ಓರೆಗಣ್ಣಿನಿಂದ ನೋಡಿದಳು. ಚಿಕ್ಕಮ್ಮನೂ ನೋಡಿದರು. ಆಮೇಲೆ ರಟ್ಟಿನ ಕಿರೀಟವನ್ನೂ ಪಾಠದ ಹಾಳೆಗಳನ್ನೂ ಅವಳ ಕೈಗಿಟ್ಟು, ಹೊರಗೆ ಹೋಗಿ ಕಿಟಕಿಯ ಪಕ್ಕ ನಿಂತರು. ನಾನೂ ಹಿಂದೆಯೇ ಹೊರಟೆ.

"ಇವರು?" ಎಂದು ಒಬ್ಬ ಹುಡುಗ ಎದ್ದ.

"ಇವರು ಸಹಿ ಹಾಕಿಲ್ಲ. ಒಪ್ಪದವರ ಮೇಲೆ ನಿಯಮ ಹೇರೋದು ಹೇಗೆ?" ಎಂದಳು ವಂಜಿರು.

"ನಮ್ಮ ಕೋಣೆಗೆ ಬಂದ ಮೇಲೆ ನಮ್ಮ ನಿಯಮ!" ಎಂದ ಆ ಹುಡುಗ.

ಕೈ ಎತ್ತಿಸಿ ಎಣಿಸಿದರು. ಐದರ ಎದುರು ಹತ್ತರ ಬಹುಮತದಿಂದ ನನ್ನನ್ನು ಒಳಗೆ ಉಳಿಸಿಕೊಂಡರು. ರಾಜನಿಲ್ಲದಿದ್ದರೆ ರಾಜನನ್ನು ಕಟ್ಟಿಹಾಕುವುದು ಹೇಗೆ ಎಂಬುದು ಗೆದ್ದ ವಾದ.

ಕಿರೀಟ ಇಟ್ಟುಕೊಂಡು ಸಿಡುಕಿದೆ, ಚಿಕ್ಕಪ್ಪನ ದನಿಯಲ್ಲೇ. ನ್ಯಾಯ ವಿಚಾರಿಸದೆ ಯಾರನ್ನೂ ಸೆರೆಗೆ ಹಾಕುವುದಿಲ್ಲ ಎಂದು ಮುದ್ರೆ ಒತ್ತಿದೆ. ನಗು ಚೆನ್ನಾಗಿಯೇ ಬಂತು. ಆಮೇಲೆ ವಂಜಿರು ಹಾಳೆ ತಿರುವಿ ಪ್ರಶ್ನೆ ಓದಿದಳು: ಸಮುದ್ರ ದಾಟಿ ಅಮೆರಿಕಕ್ಕೆ ಹೋದವರಿಗೆ ಹಳೆಯ ರಾಜನ ಈ ಕಾಗದ ಯಾಕೆ ಬೇಕಿತ್ತು? ಉತ್ತರ ಹಾಳೆಯಲ್ಲಿರಲಿಲ್ಲ, ಚಿಕ್ಕಮ್ಮನ ತಲೆಯಲ್ಲಿತ್ತು. ಎಲ್ಲರೂ ಕಿಟಕಿಯ ಕಡೆ ನೋಡಿದರು. ಚಿಕ್ಕಮ್ಮ ತುಟಿ ಬಿಗಿಹಿಡಿದು ನಿಂತಿದ್ದರು. ಪ್ರಾಂಶುಪಾಲರು ಪೆನ್ನಿನ ಮುಚ್ಚಳ ಹಾಕಿದರು.

ನನಗೆ ಇತಿಹಾಸ ಬರುವುದಿಲ್ಲ, ದನಿ ಬರುತ್ತದೆ. ಮೂಗಿನ ಮೇಲೆ ಇಲ್ಲದ ಕನ್ನಡಕವನ್ನು ಏರಿಸಿ ಶುರು ಮಾಡಿದೆ. "ಅವರು ಹಡಗಿನಲ್ಲಿ ಪಾತ್ರೆ ಪಡಗದ ಜೊತೆ ಮೂರು ವಿಚಾರಗಳನ್ನೂ ತಂದರು. ಒಂದು, ಊರಿನ ವ್ಯವಹಾರ ನಡೆಸಲು ಗೊತ್ತುಪಡಿಸಿದ ಅಧಿಕಾರಿಗಳು, ಗೊತ್ತುಪಡಿಸಿದ ಕ್ರಮ. ಎರಡು, ಸರ್ಕಾರ ಮಾಡಬಾರದ ಕೆಲಸಗಳೂ ಇವೆ. ಮೂರು, ಜನರ ಪ್ರತಿನಿಧಿಗಳು ಒಪ್ಪದೆ ತೆರಿಗೆ ಇಲ್ಲ. ತಿಳೀತಾ? ಇನ್ನೊಂದ್ಸಲ ಹೇಳ್ಲಾ?"

ಹುಡುಗರು ಮೇಜು ಬಡಿದು ನಕ್ಕರು. ನಿಲ್ಲಿಸದೆ ಮುಂದುವರಿಸಿದೆ. ಇಂಗ್ಲೆಂಡಿನ ಮುಂದಿನ ರಾಜರ ಕಾಲದ ಹಕ್ಕಿನ ಮನವಿ, ಹಕ್ಕುಗಳ ಮಸೂದೆ, ಆ ಮೂರೂ ವಿಚಾರಗಳನ್ನು ಹಿಡಿದೇ ವಸಾಹತಿನವರು ತಮ್ಮ ರಾಜನ ಮೇಲೆ ತಿರುಗಿಬಿದ್ದದ್ದು, ಆಮೇಲೆ ತಮ್ಮ ಅಧ್ಯಕ್ಷನಿಗೂ ಲಗಾಮು ಹಾಕಿದ್ದು. ಎರಡು ರಾತ್ರಿ ಊಟದ ಮೇಜಿನಲ್ಲಿ ಕೇಳಿದ್ದೆಲ್ಲ ಉಸಿರಿನ ಸಮೇತ ಹೊರಬಂತು. ಸ್ವಲ್ಪ ಹೊತ್ತಿನಲ್ಲಿ ನಗು ನಿಂತು ಬರೆಯುವ ಸದ್ದು ಶುರುವಾಯಿತು. ನನ್ನ ವೃತ್ತಿಯಲ್ಲಿ ಇದು ಸೋಲು.

ಆಗ ಆ ಹುಡುಗ ಮತ್ತೆ ಎದ್ದ. "ಸನ್ನದು ಪಾಳೆಯಗಾರರಿಗೆ. ಹೊಲ ಉಳುವವರಿಗೆ ಏನು ಸಿಕ್ಕಿತು? ಅಮೆರಿಕದಲ್ಲಿ ಗುಲಾಮರಿಗೆ?"

ಇದು ಊಟದ ಮೇಜಿನಲ್ಲಿ ಬಂದಿರಲಿಲ್ಲ. ನನ್ನ ಗಂಟಲಿನಲ್ಲಿ ಚಿಕ್ಕಮ್ಮ ಮುಗಿದುಹೋದರು. ವಂಜಿರು ಪ್ರಶ್ನೆಯನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, "ನಾಳೆ ಟೀಚರ್ ಸಮಯಕ್ಕೆ ಬಂದರೆ ಕೇಳೋಣ" ಎಂದಳು. ಪ್ರಾಂಶುಪಾಲರು ಹೊರಗೆ ಹೋಗುತ್ತಾ ಚಿಕ್ಕಮ್ಮನಿಗೆ ಒಂದೇ ವಾಕ್ಯ ಹೇಳಿದರು: ನಾಳೆ ಬೆಳಗ್ಗೆ ನನ್ನ ಕೋಣೆಗೆ ಬನ್ನಿ. ಗಂಟೆ ಇನ್ನೂ ಹೊಡೆದಿರಲಿಲ್ಲ. ಚಿಕ್ಕಮ್ಮ ತಲೆಯಾಡಿಸಿದರು, ಬಾಯಿ ಬಿಡಲಿಲ್ಲ.

ವಾಪಸು ಟ್ಯಾಕ್ಸಿಯಲ್ಲಿ "ಪೋಲೆ ಚಿಕ್ಕಮ್ಮ" ಎಂದೆ.

"ನಾನು ಅಷ್ಟು ಸಲ ಕನ್ನಡಕ ಏರಿಸ್ತೀನೇನೋ?" ಎಂದು ಕೇಳಿ ಕಿಟಕಿಯ ಕಡೆ ತಿರುಗಿದರು. ಮನೆಯಲ್ಲಿ ಅನ್ನ ಸಾರು ಮಾಡಿದರು. ಅಂದು ಮೇಜಿನ ಮೇಲೆ ಪಾಠ ಬರಲಿಲ್ಲ.

ಶುಕ್ರವಾರ ಸಂಜೆ ಪತ್ರ ತಂದರು. ಒಪ್ಪಂದ ಇನ್ನೆರಡು ವರ್ಷ ಮುಂದುವರಿದಿತ್ತು. ಅದೇ ಪತ್ರದ ಕೆಳಗೆ, ಗುರುವಾರ ಎಂಟು ನಿಮಿಷ ತಡವಾಗಿ ಬಂದದ್ದನ್ನು ದಾಖಲಿಸಲಾಗಿದೆ ಎಂದೂ ಇತ್ತು.

"ಆ ಸಾಲು ತೆಗೆಸು, ಸುಧಿ ಮಾಡಿದ್ದು ಅಂತ ಬರೆದುಕೊಡು" ಎಂದರು ಚಿಕ್ಕಪ್ಪ.

"ಬೇಡ ರೀ, ತಡ ಆಗಿದ್ದು ನಿಜ ತಾನೆ?" ಎಂದು ಪತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು, ಕೆಳಗಿನ ಸಾಲೂ ಕಾಣುವ ಹಾಗೆ.

ಭಾನುವಾರ ನನ್ನ ವಿಮಾನ. ಚಿಕ್ಕಮ್ಮ ನಾಲ್ಕು ಗಂಟೆ ಮೊದಲೇ ಟ್ಯಾಕ್ಸಿ ತರಿಸಿ, ನನ್ನನ್ನು ಹಿಂದಿನ ಸೀಟಿಗೆ ಹಾಕಿ, ಬಾಗಿಲಿನಿಂದ ದೂರ, ತಾವೇ ಪಕ್ಕ ಕೂತರು. ದಾರಿಯಲ್ಲಿ ಆ ಹುಡುಗನ ಪ್ರಶ್ನೆ ನೆನಪಾಗಿ, ಉತ್ತರ ಹೇಳಿದಿರಾ ಎಂದು ಕೇಳಿದೆ. "ಶುಕ್ರವಾರ ಎರಡು ಪೀರಿಯಡ್ ಅದಕ್ಕೇ ಆಯ್ತು, ಇನ್ನೂ ಮುಗಿದಿಲ್ಲ" ಎಂದರು.

ನಿಲ್ದಾಣದಲ್ಲಿ ಬೀಳ್ಕೊಡಲು ಬಂದವರು ಗಾಜಿನ ಬಾಗಿಲು ದಾಟುವಂತಿಲ್ಲ. ನಾನು ಟ್ರಾಲಿ ತಳ್ಳಿಕೊಂಡು ಬಾಗಿಲವರೆಗೆ ಹೋಗಿ ತಿರುಗಿ ನೋಡಿದೆ. ಚಿಕ್ಕಮ್ಮ ಟ್ಯಾಕ್ಸಿಯ ಪಕ್ಕ ನಿಂತು, ತರಗತಿಯ ಕಿಟಕಿಯ ಹೊರಗಿನ ಅದೇ ನಿಲುವಿನಲ್ಲಿ, ತುಟಿ ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು. ನಾನು ಅಲ್ಲೇ ತಡಮಾಡಿದೆ. ಅವರು ಕನ್ನಡಕ ಏರಿಸಿ, ಕೈ ಎತ್ತಿ, ಟ್ಯಾಕ್ಸಿಯ ತಗಡಿನ ಮೇಲೆ ಎರಡು ಏಟು ಬಾರಿಸಿದರು.

ಹೊರಟೆ.